ಬೇಸ್ ಗಿಟಾರಿಗೊಂದು ಅರ್ಥಿಂಗ್ ಗುಂಡಿ

ಯಾವ ಶಬ್ದವೂ ಕಾರಣವಿಲ್ಲದೆ ಬರುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ದೆವ್ವ, ದೃಷ್ಟಿ, ಜಾತಕಗಳನ್ನೆಲ್ಲ ವೇದಿಕೆಯ ಮೇಲೆ ನಿಲ್ಲಿಸಿ ನೀರಿಳಿಸಿದವಳು ನಾನು. ಹಾಗಾಗಿ ನನ್ನ ಬೇಸ್ ಗಿಟಾರಿನಿಂದ ಒಂದು ಅನಾಮಧೇಯ ಶಬ್ದ ಹೊರಟಾಗ ಹೆದರಲಿಲ್ಲ. ಹತ್ತು ನಿಮಿಷದ ಕೆಲಸ ಅಂದುಕೊಂಡೆ!

ಶಬ್ದ ಹೀಗಿತ್ತು. ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದನ್ನು ಕತ್ತಿನ ಮೂರನೇ ಪಟ್ಟಿಯಲ್ಲಿ ಒತ್ತಿ ಮೀಟಿದರೆ ‘ಧುಂ’ ಅನ್ನಬೇಕು. ಅನ್ನುತ್ತಿತ್ತು. ಆದರೆ ಅದರ ಬೆನ್ನಿಗೇ, ಎಲ್ಲೋ ಮೇಲೆ, ತೆಳ್ಳಗೆ ‘ಇಂ...ಯ್’ ಅಂತ ಇನ್ನೊಂದು ಸ್ವರ ತೇಲಿ ಬರುತ್ತಿತ್ತು. ಬುಕ್ಕಾಂಬುಧಿ ಕೆರೆಯ ತಳದಲ್ಲಿ ಯಾರೋ ಗಂಟೆ ಬಾರಿಸಿ, ಅದು ಏರಿಯ ತನಕ ಬರುವಷ್ಟರಲ್ಲಿ ಅರ್ಧ ನೀರಾಗಿಬಿಟ್ಟ ಹಾಗೆ. ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು. ಮಧ್ಯಾಹ್ನದ ಬಿಸಿಲು ಗೋಡೆಯಿಂದ ಗೋಡೆಗೆ ನಡೆದು ಹೋಗುವವರೆಗೂ ಅದನ್ನೇ ಕೇಳುತ್ತಾ ಕೂತಿದ್ದೂ ಉಂಟು.

ಚೆನ್ನಾಗಿದ್ದರೆ ಸಾಕೆ? ಭಾನುವಾರ ಕಡೂರಿನಲ್ಲಿ ಮಂಜಣ್ಣನ ಆರ್ಕೆಸ್ಟ್ರಾದವರು ನನ್ನನ್ನು ಪರೀಕ್ಷಿಸುವವರಿದ್ದರು. ಒಪ್ಪಿದರೆ ಗುರುವಾರ ತರೀಕೆರೆಯ ಆರತಕ್ಷತೆಯೊಂದರಲ್ಲಿ ನನ್ನ ಮೊದಲ ಕಾರ್ಯಕ್ರಮ. ಒಪ್ಪದಿದ್ದರೆ ಕೀಬೋರ್ಡಿನ ಲೋಕೇಶ ಎಡಗೈಯಲ್ಲೇ ಬೇಸ್ ನುಡಿಸಿ ಮುಗಿಸುತ್ತಾನೆ. ನನ್ನ ಎರಡು ವರ್ಷದ ಕನಸು ಮತ್ತು ಅವನ ಎಡಗೈ, ಇವೆರಡರ ನಡುವೆ ಸ್ಪರ್ಧೆ!

ಅಡುಗೆಮನೆಯಿಂದ ಅಮ್ಮ ಕೂಗಿದಳು. “ಏನೇ ಅದು ಗುಂಯ್ ಗುಂಯ್ ಅಂತ? ಕುಕ್ಕರ್ ಎಷ್ಟು ಸಲ ಕೂಗ್ತು ಅಂತಾನೂ ಗೊತ್ತಾಗ್ತಿಲ್ಲ!”

“ತಂತಿ ಕಣಮ್ಮ. ಏನೋ ತೊಂದ್ರೆ ಆಗಿದೆ.”

ಅಮ್ಮ ಉಪಕಾರಿ. ತಕ್ಷಣ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಗೆ ಹೇಳಿಬಿಟ್ಟಳು. “ತಿಪ್ಪೇಶಣ್ಣಾ, ನಮ್ಮನೆ ತಂತಿ ಗುಂಯ್ ಅಂತಿದೆಯಂತೆ, ಸ್ವಲ್ಪ ಬಂದ್ ನೋಡ್ತೀರಾ?”

ತಿಪ್ಪೇಶಣ್ಣ ನಿವೃತ್ತ ಲೈನ್‌ಮನ್. ಅಜ್ಜಂಪುರದ ಅರ್ಧ ಕಂಬಗಳನ್ನು ಹತ್ತಿ ಇಳಿದವರು. ಟೆಸ್ಟರ್ ಹಿಡಿದು ಬಂದರು, ಮೀಟರ್ ಬೋರ್ಡ್ ನೋಡಿದರು, ಆಮೇಲೆ ನನ್ನ ಮಡಿಲಲ್ಲಿದ್ದ ಗಿಟಾರ್ ನೋಡಿದರು. ಬೇರೆ ಯಾರೇ ಆಗಿದ್ದರೂ ನಕ್ಕು ವಾಪಸು ಹೋಗುತ್ತಿದ್ದರು. ಅವರು ಹೋಗಲಿಲ್ಲ!

“ಯಾವ ತಂತಿ ಆದ್ರೂ ತಂತಿನೇ ಕಣವ್ವ. ಗುಂಯ್ ಅಂದ್ರೆ ಅರ್ಥಿಂಗ್ ಸರಿ ಇಲ್ಲ ಅಂತ್ಲೇ ಲೆಕ್ಕ.”

ನಾನು ಸುಮ್ಮನೆ ನಂಬುವವಳಲ್ಲ. ಫೋನಿನಲ್ಲಿ ಹುಡುಕಿದೆ. ಅರ್ಥಿಂಗ್ ಇಲ್ಲದಿದ್ದರೆ ಗಿಟಾರ್ ಗುಂಯ್‌ಗುಡುತ್ತದೆ ಎಂದು ಅಲ್ಲೂ ಬರೆದಿತ್ತು. ಎರಡು ಸ್ವತಂತ್ರ ಸಾಕ್ಷ್ಯ! ಪ್ರಕರಣ ಇತ್ಯರ್ಥವಾಯಿತು.

ಹಿತ್ತಿಲಲ್ಲಿ ಗುಂಡಿ ತೋಡಿದೆ. ತಾಮ್ರದ ಸರಳು ನೆಟ್ಟು, ಅದರಿಂದ ಗಿಟಾರಿನ ಆಂಪ್ಲಿಫೈಯರ್ ಚುಚ್ಚುವ ಪ್ಲಗ್ಗಿಗೆ ವೈರೆಳೆದು, ಸುತ್ತ ಉಪ್ಪು, ಇದ್ದಿಲು ತುಂಬಿದೆವು. “ದಿನಾ ಬೆಳಿಗ್ಗೆ ಒಂದು ಕೊಡ ನೀರು ಹಾಕವ್ವ, ಒಣಗಿದ್ರೆ ಕೆಲ್ಸ ಮಾಡಲ್ಲ” ಎಂದರು ತಿಪ್ಪೇಶಣ್ಣ. ಹಾಕಿದೆ. ಮಂಜಿನಲ್ಲಿ ಇಂಗುತ್ತಿದ್ದ ಆ ನೀರನ್ನು ನೋಡುತ್ತಾ, ತರೀಕೆರೆಯ ವೇದಿಕೆ, ಬಣ್ಣದ ದೀಪ, ನನ್ನ ‘ಧುಂ’ಗೆ ತಲೆದೂಗುವ ನೂರಾರು ಜನರನ್ನು ಕಣ್ಣುಮುಚ್ಚಿ ಕಾಣುತ್ತಾ ನಿಲ್ಲುತ್ತಿದ್ದೆ.

ಮೂರನೇ ದಿನ ಸರಳಿನ ತುದಿಗೆ ಕುಂಕುಮ. ಬುಡದಲ್ಲಿ ಕೆಂಪು ದಾಸವಾಳ!

“ಅಮ್ಮಾ! ಏನಿದು?”

“ಬೆಳಿಗ್ಗೆ ಎದ್ದು ಬರಿಗಾಲಲ್ಲಿ ನೀರು ಹಾಕ್ತೀಯ, ಕಣ್ಮುಚ್ಕೊಂಡು ನಿಂತ್ಕೋತೀಯ. ಏನೋ ಹರಕೆ ಇರ್ಬೇಕು ಅಂದ್ಕೊಂಡೆ ಕಣೇ.”

“ಇದು ವಿಜ್ಞಾನ ಕಣಮ್ಮ!”

“ಆಯ್ತು ಬಿಡು. ಸದ್ದು ನಿಂತ್ತಾ?”

“ಇಲ್ಲ.”

“ಮತ್ತೆ!”

ಇಷ್ಟು ಚಿಕ್ಕ ಖಂಡನೆಯನ್ನು ಯಾವ ಸ್ಪರ್ಧೆಯಲ್ಲೂ ಎದುರಿಸಿರಲಿಲ್ಲ. ಭಾನುವಾರ ಹೊರಡುವಾಗ ಆ ಹೂವನ್ನು ತೆಗೆಯದೆ ಹಾಗೇ ಬಿಟ್ಟೆ. ಅದು ನಂಬಿಕೆಯಲ್ಲ, ಸಮಯದ ಅಭಾವ. ದಾಖಲಾಗಲಿ.

ಕಡೂರಿನಲ್ಲಿ ಮಂಜಣ್ಣ ಕಣ್ಣುಮುಚ್ಚಿ ಕೇಳಿದರು. “ಏನಮ್ಮ, ಹಿಂದ್ಗಡೆ ಯಾರೋ ಅಳ್ತಾವ್ರಲ್ಲ?”

“ಅದು ನಿಮ್ ಬಿಲ್ಡಿಂಗಿನ ಅರ್ಥಿಂಗ್ ದೋಷ, ಅಣ್ಣ” ಎಂದು ಶುರು ಮಾಡಿದೆ. ಪೀಠಿಕೆ, ಮೂರು ಅಂಶ, ಉಪಸಂಹಾರ. ಅವರೂ ಒಂದು ಗುಂಡಿ ತೋಡಿಸಬೇಕೆಂದು ಒತ್ತಾಯಿಸಿ, ಉಪ್ಪೆಷ್ಟು ಇದ್ದಿಲೆಷ್ಟು ಎಂದೂ ತಿಳಿಸಿದೆ!

ಮಂಜಣ್ಣ ಎದ್ದು ಬಂದು ಗಿಟಾರಿನ ವೈರನ್ನು ಕಿತ್ತರು. “ಈಗ ಮೀಟು.”

ಇಂ...ಯ್.

“ಈಗ ಕರೆಂಟ್ ಎಲ್ಲಿದೆ ತೋರ್ಸು.”

ಲೋಕೇಶ ಕೀಬೋರ್ಡಿನ ಹಿಂದೆ ಬಗ್ಗಿ ನಗತೊಡಗಿದ. ಮಂಜಣ್ಣ ತೆಳು ತಂತಿಯ ಮೇಲೆ ಒಂದು ಬೆರಳಿಟ್ಟರು, ಅಷ್ಟೇ. ಮತ್ತೆ ಮೀಟಿದೆ. ಬರೀ ‘ಧುಂ’.

“ನೀನು ಒಂದ್ ತಂತಿ ಮೀಟ್ತೀಯ, ಮಿಕ್ಕಿದ್ದನ್ನ ಹಂಗೇ ಬಿಡ್ತೀಯ. ಅವೂ ಜೊತೇಲಿ ಹಾಡ್ಕೋತವೆ. ಒಂದನ್ನ ಮೀಟೋವಾಗ ಮೂರನ್ನ ಮುಟ್ಕೊಂಡಿರ್ಬೇಕು ತಾಯಿ. ಬೆರಳಿಡೋದು ಬಿಟ್ಟು ನೆಲ ಅಗ್ದಿದೀಯಲ್ಲ! ಎರಡು ತಿಂಗ್ಳು ಅಭ್ಯಾಸ ಮಾಡ್ಕೊಂಡು ಬಾ.”

ಗಿಟಾರನ್ನು ಚೀಲಕ್ಕೆ ಹಾಕಿದೆ. ಜಿಪ್ ಎಳೆಯುವಾಗ ಕಣ್ಣು ಮಂಜಾಗಿತ್ತು. ಬಾಗಿಲ ತನಕ ಹೋಗಿದ್ದೆ, ಮಂಜಣ್ಣ ಕೂಗಿದರು.

“ತಾಳಮ್ಮ, ಫ್ಲೆಕ್ಸಲ್ಲಿ ನಿನ್ ಫೋಟೋ ಹಾಕ್ಸಿಬಿಟ್ಟಿದೀನಿ! ಗುರುವಾರ ಬಂದು ನಿಂತ್ಕೋ. ವೈರ್ ಮಾತ್ರ ಚುಚ್ಬೇಡ.”

ಸ್ವಾಭಿಮಾನವುಳ್ಳ ಯಾರೂ ಒಪ್ಪಬಾರದ ಪ್ರಸ್ತಾಪ. ಒಪ್ಪಿದೆ!

ತರೀಕೆರೆಯಲ್ಲಿ ನೇರಳೆ ಬೆಳಕು, ಮಲ್ಲಿಗೆಯ ವಾಸನೆ. ನಾನು ಮೀಟುತ್ತಿದ್ದೆ, ಕೇಳುತ್ತಿದ್ದುದು ಲೋಕೇಶನ ಎಡಗೈ. ಎರಡನೇ ಹಾಡಿನ ಹೊತ್ತಿಗೆ ಅದೆಲ್ಲ ನನ್ನ ಬೆರಳಿಂದಲೇ ಹೊರಟು ಛತ್ರದ ಚಾವಣಿಗೆ ಏರುತ್ತಿದೆ ಅನ್ನಿಸತೊಡಗಿತು. ಮೂರನೆಯದಕ್ಕೆ ತಲೆಯೂ ತೂಗಿದೆ.

ಕೊನೆಗೆ ವಧುವಿನ ಸೋದರಮಾವ ವೇದಿಕೆ ಹತ್ತಿ ಬಂದರು. “ಬೇಸ್ ಎಷ್ಟು ಕ್ಲೀನಾಗಿತ್ತು ಕಣಮ್ಮ! ಒಂದ್ ಚೂರೂ ಬೇರೆ ಸದ್ದಿಲ್ಲ. ಹೆಂಗೆ ಕಲ್ತೆ?”

ಪುರಾವೆಯಿಲ್ಲದ ಹೇಳಿಕೆ. ಖಂಡಿಸಲು ನನ್ನ ಬಳಿ ಬೇಕಾದಷ್ಟು ಅಂಶಗಳಿದ್ದವು.

ಎರಡೂ ಕೈ ಮುಗಿದೆ. “ಎಲ್ಲ ನಿಮ್ಮ ಆಶೀರ್ವಾದ, ಅಂಕಲ್” ಅಂದೆ.