ಪವರ್ ಮೀಟರಿಗೆ ನಾನು ಜೀರೋ ಒತ್ತಿದ್ದು

ನಮ್ಮ ತೋಟಗಾರರ ಸಂಘದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು ನಾನೊಬ್ಬನೇ. ಆದ್ದರಿಂದ ಆನೆ ಬಂದರೆ ಎಚ್ಚರಿಸಲು ಇಟ್ಟಿರುವ ವಾಕಿಟಾಕಿಗಳ ಉಸ್ತುವಾರಿ ನನಗೇ ಬರಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯವಾಗಿತ್ತು. ಅದು ಇದ್ದದ್ದು ನನ್ನ ಹೆಂಡತಿಯ ಅಣ್ಣ ಪೂವಯ್ಯನವರ ಕೈಯಲ್ಲಿ. ನಮ್ಮ ಮನೆಯಲ್ಲಿಟ್ಟಿರುವ ದೊಡ್ಡ ರೇಡಿಯೋ ಸೆಟ್ಟಿನ ಧ್ವನಿ ದೂರ ಹೋಗುತ್ತಿಲ್ಲವೆಂದು ದೂರು ಬಂದಾಗ, ಅದರ ಶಕ್ತಿಯನ್ನು ಅಳೆದೇ ತೋರಿಸುತ್ತೇನೆಂದು ಸಭೆಯಲ್ಲಿ ಘೋಷಿಸಿದೆ.

“ಅಳೆದು ತೋರ್ಸಿ ಭಾವ, ಉಸ್ತುವಾರಿ ನಿಮಗೇ,” ಎಂದರು ಪೂವಯ್ಯ.

ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ಗೆಳೆಯನಿಂದ ಪವರ್ ಮೀಟರ್ ತಂದೆ. ರೇಡಿಯೋ ಶಕ್ತಿಯನ್ನು ಹಿಡಿಯುವುದು ಬೆರಳುದ್ದದ ಸೆನ್ಸರ್, ಅಂಕಿ ತೋರಿಸುವುದು ಮೀಟರ್. ಎರಡಕ್ಕೂ ಹೊಂದಾಣಿಕೆ ಇರಬೇಕು. ನಾನು ತಂದ ಜೋಡಿಗೆ ಇರಲಿಲ್ಲ! ಮತ್ತೆ ಬಸ್ಸು, ಮತ್ತೆ ಮೈಸೂರು. ಸರಿಯಾದ ಸೆನ್ಸರ್ ಕೊಟ್ಟ ಗೆಳೆಯ, “ಮೊದಲು ಜೀರೋ ಮಾಡು, ಆದರೆ ಆಗ…” ಎಂದು ಶುರು ಮಾಡಿದ. “ಅಷ್ಟು ಗೊತ್ತುಂಟು ಮಾರಾಯ,” ಎಂದು ಹೊರಟುಬಂದೆ.

ಜೀರೋ ಮಾಡುವುದು ನನಗೇನು ಹೊಸದೇ? ಕಾಫಿ ತೂಗುವಾಗ ಖಾಲಿ ಚೀಲವನ್ನು ತಕ್ಕಡಿಯ ಮೇಲಿಟ್ಟು ಜೀರೋ ಒತ್ತುತ್ತೇವೆ. ಚೀಲದ ತೂಕ ಲೆಕ್ಕಕ್ಕೆ ಬರಬಾರದಲ್ಲ. ಇಲ್ಲೂ ಹಾಗೆಯೇ ಎಲ್ಲವನ್ನೂ ಜೋಡಿಸಿದೆ. ಹೆಚ್ಚಿನ ಶಕ್ತಿ ಆಂಟೆನಾಗೆ, ಚಿಟಿಕೆಯಷ್ಟು ಸೆನ್ಸರಿಗೆ. ಮಾತಾಡುವಾಗ ಒತ್ತಿ ಹಿಡಿಯಬೇಕಾದ ಮೈಕಿನ ಗುಂಡಿಯನ್ನು ಚೀಲ ಹೊಲಿಯುವ ದಾರದಿಂದ ಬಿಗಿದು ಕಟ್ಟಿದೆ. ಸೆಟ್ಟು ಆನ್ ಮಾಡಿ, ಆಮೇಲೆ ಜೀರೋ ಒತ್ತಿದೆ. ಮೀಟರ್ ಕೀಂ ಎಂದಿತು. ಒಪ್ಪಿಗೆ ಎಂದು ತಿಳಿದೆ.

ಮೀಟರಿನಲ್ಲಿ ಸೊನ್ನೆ. ಸ್ವಲ್ಪ ಕಾದು ನೋಡಿದೆ. ಆಗಲೂ ಸೊನ್ನೆ.

ಸೆಟ್ಟು ಸತ್ತಿದೆ ಎಂದು ತೀರ್ಮಾನಿಸಿದೆ. ಸತ್ತ ಸೆಟ್ಟಿನ ಮುಂದೆ ಯಾರ ಭಯ? ಮನಸ್ಸು ಬಿಚ್ಚಿ ಮಾತಾಡಿದೆ.

“ಈ ಪೂವಯ್ಯನಿಗೆ ರೇಡಿಯೋ ಬಗ್ಗೆ ಎಂತ ಗೊತ್ತುಂಟು? ಹಂದಿ ಸಾರಿಗೆ ಕಾಚಂಪುಳಿ ಹುಳಿ ಹಾಕ್ಲಿಕ್ಕೂ ಜಿಪುಣ! ಆನೆ ಕಂಡ್ರೆ ಮೊದಲು ಓಡುವ ಜನ, ಇವ ಊರನ್ನು ಎಚ್ಚರಿಸ್ತಾನಂತೆ!”

ಬಹಳ ದಿನಗಳ ನಂತರ ಎದೆ ಹಗುರವಾಯಿತು.

ಅಷ್ಟರಲ್ಲಿ ಕಣದಲ್ಲಿ ಕಾಫಿ ಹರಡುತ್ತಿದ್ದ ಹೆಂಡತಿ ವಾಕಿಟಾಕಿ ಹಿಡಿದು ಓಡಿ ಬಂದಳು.

“ಅದನ್ನು ಬಂದ್ ಮಾಡಿ ಮಾರಾಯ್ರೆ! ಊರೆಲ್ಲ ಕೇಳ್ತಾ ಉಂಟು!”

“ಸಾಧ್ಯವೇ ಇಲ್ಲ. ಮೀಟರ್ ನೋಡು, ಸೊನ್ನೆ.”

“ಸೊನ್ನೆ,” ಎಂದಿತು ಅವಳ ಕೈಯಲ್ಲಿದ್ದ ವಾಕಿಟಾಕಿ, ನನ್ನದೇ ಧ್ವನಿಯಲ್ಲಿ.

“ಜೀರೋ ಯಾವಾಗ ಒತ್ತಿದ್ರಿ?”

“ಎಲ್ಲಾ ಆನ್ ಮಾಡಿದ ಮೇಲೆ.”

“ಕಾಫಿ ತುಂಬಿದ ಚೀಲ ಇಟ್ಟು ಜೀರೋ ಒತ್ತಿದ್ರೆ ಸೊನ್ನೆ ಅಲ್ದೆ ಇನ್ನೆಂತ ಬರ್ತದೆ?” ಎನ್ನುತ್ತಾ ಅವಳು ದಾರ ಕಿತ್ತು ಬಿಸಾಡಿದಳು.

ಮೈಕಿನ ಗುಂಡಿ ಬಿಟ್ಟುಕೊಂಡದ್ದೇ ತಡ, ಸೆಟ್ಟಿನಿಂದ ಪೂವಯ್ಯನವರ ಸಣ್ಣ ಧ್ವನಿ ಬಂತು.

“ಭಾವ, ಮುಗೀತಾ? ನಿಮ್ಮದು ನಿಲ್ಲದೆ ಬೇರೆ ಯಾರಿಗೂ ಮಾತಾಡ್ಲಿಕ್ಕೆ ಆಗ್ಲಿಲ್ಲ. ನಾನು ಅಮ್ಮತ್ತಿ ರಸ್ತೇಲಿ ಜೀಪಲ್ಲಿದ್ದೇನೆ. ಎದುರಿಗೆ ಒಂಟಿ ಆನೆ ಉಂಟು. ನಾನು ಓಡ್ಲಿಲ್ಲ. ಅದನ್ನೂ ಸ್ವಲ್ಪ ಊರಿಗೆ ಹೇಳಿ.”

ನಾನು ಮೈಕಿಗೆ ಕೈ ಹಾಕಿದೆ. ಹೆಂಡತಿಯೇ ಮೈಕ್ ಕಸಿದುಕೊಂಡು ಎಲ್ಲರನ್ನೂ ಎಚ್ಚರಿಸಿದಳು. ಆನೆ ತನಗೆ ಬೇಕೆನಿಸಿದಾಗ ತೋಟದೊಳಗೆ ಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮುಂದಿನ ಸಭೆಯಲ್ಲಿ ಮೀಟರಿನ ವಿಷಯವನ್ನು ಯಾರೂ ಎತ್ತಲಿಲ್ಲ. ಸೆಟ್ಟಿನ ಧ್ವನಿ ಎಷ್ಟು ದೂರ ಹೋಗುತ್ತದೆಂಬ ಬಗ್ಗೆ ಯಾರಿಗೂ ಸಂಶಯ ಉಳಿದಿರಲಿಲ್ಲ. ಪೂವಯ್ಯನವರು ಎದ್ದು ನಿಂತು ಉಸ್ತುವಾರಿಗೆ ನನ್ನ ಹೆಂಡತಿಯ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ಮಾತಾಡೋಣವೆಂದು ನಾನೂ ಎದ್ದೆ. ಮೈಕು ಯಾರೂ ಕೊಡಲಿಲ್ಲ.