ಗುಡ್ಡದ ಒರತೆಗೆ ಇಬ್ಬರೇ

ಮದುವೆಯಾಗಿ ಮೂರು ತಿಂಗಳಾಗಿದ್ದರೂ ಅಕ್ಕಿಹೆಬ್ಬಾಳಿನ ಸಿದ್ದರಾಜು ಹೆಂಡತಿ ಪುಟ್ಟತಾಯಿಯ ಜೊತೆ ಒಂದು ಮಾತೂ ಆಡಿರಲಿಲ್ಲ. ಹಗಲು ಮನೆ ತುಂಬ ಹಿರಿಯರು. ಅವರೆದುರು ಹೆಂಡತಿಯನ್ನು ಮಾತಾಡಿಸಿದರೆ ಮಾನ ಮೂರು ಕಾಸಿಗೆ ಹರಾಜು. ರಾತ್ರಿ ಅಜ್ಜಿಗೆ ಕೆಮ್ಮು, ಪುಟ್ಟತಾಯಿ ಅವಳ ಪಕ್ಕದಲ್ಲೇ ಮಲಗಬೇಕು. ‘ಈ ಮನೆ ನಿನಗೆ ಹಿಡಿಸಿತೇ’ ಎಂದು ಕೇಳುವ ಒಂದೇ ಆಸೆ ಪಾಪ, ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಹೊಸದಾಗಿ ಬಣ್ಣದ ಕಾರಂಜಿ ಬಂದಿದ್ದ ಕನ್ನಂಬಾಡಿ ಕಟ್ಟೆಗೆ ಕರೆದೊಯ್ಯೋಣವೆಂದರೆ ಅಲ್ಲಿ ಇಡೀ ಸೀಮೆಯೇ ನೆರೆದಿರುತ್ತಿತ್ತು. ಊರಾಚೆ ಗುಡ್ಡದ ಬುಡದಲ್ಲಿ ಒಂದು ಒರತೆಯಿತ್ತು. ಹೊಂಗೆಯ ನೆರಳು, ತಣ್ಣನೆ ನೀರು, ಒಂದು ನರಪಿಳ್ಳೆಯೂ ಇಲ್ಲ. ಅಪ್ಪನನ್ನು ಕೇಳಿದಾಗ ಅವನು ಎರಡನೆಯ ಮಾತಿಲ್ಲದೆ ಒಪ್ಪಿದ್ದು ಕಂಡು ಸಿದ್ದರಾಜುವಿಗೇ ಆಶ್ಚರ್ಯವಾಯಿತು. ವಜೀರ್ ಪಾಷಾನ ಜಟಕಾ ಗೊತ್ತುಮಾಡಿ ಹೆಂಡತಿಯನ್ನು ಹತ್ತಿಸಿಕೊಂಡ.

"ಅರೆ ಭಾಯ್, ಎಲ್ರೂ ಕಾರಂಜಿ ನೋಡಕ್ಕೆ ಹೋಗ್ತಾರೆ. ನಿಮ್ದು ಏನು ಗುಡ್ಡಕ್ಕೆ?" ಎಂದ ಪಾಷಾ.

"ಸುಮ್ಕೆ ಕಣೋ ಪಾಷಾ. ನೀರು ನೋಡಕ್ಕೆ."

ಪಾಷಾ ಮರುಕದಿಂದ ಅವನ ಮುಖ ನೋಡಿದ. ಕಾಯಿಲೆಯಿಲ್ಲದೆ, ಹರಕೆಯಿಲ್ಲದೆ ಯಾರೂ ಆ ಒರತೆಗೆ ಹೋಗುತ್ತಿರಲಿಲ್ಲ.

ಬೀದಿಯ ತಿರುವಿನಲ್ಲಿ ಪಕ್ಕದ ಮನೆಯ ಬೆಟ್ಟಮ್ಮ ಕಂಕುಳಲ್ಲಿ ಕೊಡವಿಟ್ಟುಕೊಂಡು ಅಡ್ಡ ನಿಂತಿದ್ದಳು. "ತಡಿಯಪ್ಪ, ನಾನೂ ಬತ್ತೀನಿ. ನೀರು ಉಯ್ಯಕ್ಕೆ ಒಬ್ಳು ಮುತ್ತೈದೆ ಬ್ಯಾಡ್ವಾ?" ಎಂದು ಗಂಡಹೆಂಡಿರ ನಡುವೆಯೇ ಕುಳಿತಳು.

"ಯಾರ್ಗಕ್ಕ ನೀರು ಉಯ್ಯದು?"

"ಗಾಬರಿ ಆಗ್ಬ್ಯಾಡ, ಸುಮ್ಕಿರು."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಎತ್ತಿನ ಗಾಡಿ. ಅಪ್ಪ, ಅವ್ವ, ಕೆಮ್ಮುವ ಅಜ್ಜಿ, ಮುದ್ದೆಯ ಬುಟ್ಟಿ ಎಲ್ಲವನ್ನೂ ಹೇರಿಕೊಂಡು ಚಿಕ್ಕಪ್ಪ ಚಿಕ್ಕಸಿದ್ದಯ್ಯ ಬರುತ್ತಿದ್ದ. "ನಿನ್ನೊಬ್ಬನ್ನೇ ಬುಟ್ಬುಡ್ತೀವೇನ್ಲಾ?" ಎಂದ. ಒಳ್ಳೆಯ ಜನ, ತೊಂದರೆ ಅದೇ. ಸಿದ್ದರಾಜುವಿಗೆ ಅಳುವೇ ಬಂತು. ಅದನ್ನು ಕಂಡು ಚಿಕ್ಕಪ್ಪನೂ ಕಣ್ಣೊರೆಸಿಕೊಂಡ.

ಒರತೆಯ ಬಳಿ ಅವನನ್ನು ಕಲ್ಲಿನ ಮೇಲೆ ಕೂರಿಸಿ ಬೆಟ್ಟಮ್ಮ ಕೊಡದ ಮೇಲೆ ಕೊಡ ಸುರಿದಳು. ಯಾಕೆಂದು ಕೇಳಲು ಬಾಯಿ ತೆರೆದರೆ ನೀರು ಬಾಯಿಗೇ ಬಿತ್ತು. ಅವ್ವ ನಾಲಗೆಗೆ ಬೇವಿನೆಲೆ ತಿಕ್ಕಿದಳು. ಕೊನೆಗೆ ಅವನ ತಾಳ್ಮೆ ಕಿತ್ತುಹೋಯಿತು. ನಾಚಿಕೆ ಬಿಟ್ಟು, ಎದ್ದು ನಿಂತು, ಎಲ್ಲರೆದುರೇ ಕೂಗಿದ: "ಪುಟ್ಟತಾಯಿ, ಈ ಮನೆ ನಿಂಗೆ ಇಡಿಸ್ತಾ ಅಂತ ಕೇಳಕ್ಕೆ ಕರ್ಕೊಂಡ್ ಬಂದೆ ಕಣೆ."

ಅಜ್ಜಿ ಕೆಮ್ಮುವುದನ್ನೂ ಮರೆತು ಕೈಮುಗಿದಳು. "ಬಾಯಿ ಬಂತು ಕಣ್ರಪ್ಪ."

"ನಂಗೇನಾಗಿತ್ತು?" ಎಂದ ಸಿದ್ದರಾಜು.

"ಗಂಡ ಒಂದ್ ಮಾತೂ ಆಡಕಿಲ್ಲ ಅಂತ ಬಾವಿತಾವ ನನ್ ಮುಂದೆ ಅತ್ಲು ಕಣಪ್ಪ ಪುಟ್ಟತಾಯಿ" ಎಂದಳು ಬೆಟ್ಟಮ್ಮ. "ಎಂಡ್ರ ಕಂಡ್ರೆ ನಾಲಗೆ ಕಟ್ಟೋ ದೋಸ, ಒರತೆ ನೀರೇ ಮದ್ದು ಅಂತ ನಿಮ್ಮಪ್ಪಂಗೆ ಅಂದೆ. ಅಷ್ಟ್ರಲ್ಲಿ ನೀನೇ ಒರತೆಗೆ ಒಂಟ್ಬುಟ್ಟೆ."

ಪುಟ್ಟತಾಯಿ ಕಣ್ಣು ತುಂಬಿಕೊಂಡು ನಕ್ಕಳು. ಆ ನಗು ಕಂಡು ಸಿದ್ದರಾಜುವಿಗೆ ಅಷ್ಟೂ ಕೊಡದ ನೀರು ಸಾರ್ಥಕವೆನಿಸಿತು. ಅವಳು ಹತ್ತಿರ ಬಂದು, ಅವನನ್ನು ದಾಟಿ, ಬೆಟ್ಟಮ್ಮನ ಕಿವಿಯಲ್ಲಿ ಏನೋ ಉಸುರಿದಳು.

"ಮನೆ ಇಡಿಸ್ತಂತೆ" ಎಂದಳು ಬೆಟ್ಟಮ್ಮ.

"ಅದ್ನ ಅವ್ಳೇ ಏಳ್ಬಾರ್ದಾ?"

"ಎಂಗೇಳಾಳು? ನಿನ್ ಬಾಯಿ ಬಂದ್ರೆ ವರ್ಸ ತುಂಬೋಗಂಟ ನಿನ್ ಕೂಡೆ ತಾನು ಬಾಯಿ ಬುಡಕಿಲ್ಲ ಅಂತ ಅರಕೆ ಒತ್ತವ್ಳೆ. ಇನ್ನೇನಾರ ಕೇಳೋದಿದ್ರೆ ನಂಗೇಳು, ಕೇಳಿ ಏಳ್ತೀನಿ."