ಒಬ್ಬನೇ ಟ್ರೈಲರ್ ಕಟ್ಟಿದ ಕೀರ್ತಿ

ದೇವರು ಮನುಷ್ಯನಿಗೆ ಎರಡು ಕಣ್ಣನ್ನೂ ಮುಂದುಗಡೆಯೇ ಇಟ್ಟಿರುವ ಬಗ್ಗೆ ಬಹುಕಾಲ ನನಗೆ ಯಾವ ತಕರಾರೂ ಇರಲಿಲ್ಲ. ಉಣ್ಣುವ ಎಲೆ ಮುಂದಿರುತ್ತದೆ, ಓದುವ ಪತ್ರಿಕೆ ಮುಂದಿರುತ್ತದೆ. ಬೆನ್ನ ಹಿಂದೆ ಇರುವುದು ಬಂಧುಗಳ ಮಾತು ಮಾತ್ರ. ಅದನ್ನು ನೋಡದಿರುವುದೇ ಕ್ಷೇಮ. ಈ ಏರ್ಪಾಡಿನಲ್ಲಿ ಒಂದು ಘೋರ ಲೋಪ ಉಳಿದುಹೋಗಿದೆಯೆಂದು ನನಗೆ ತಿಳಿದದ್ದು, ಲಾರಿಯ ಹಿಂದೆ ಟ್ರೈಲರ್ ಕಟ್ಟಲು ಹೊರಟ ಮೇಲೆ.

ಆಗ ನಾನು ಶಿವಮೊಗ್ಗದಲ್ಲಿ ಮದುವೆ ಮನೆಗಳಿಗೆ ಪಾತ್ರೆ, ಜಮಖಾನ, ಚಪ್ಪರದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಲಾರಿ, ಅದರ ಬಾಲಕ್ಕೆ ಎರಡು ಗಾಲಿಯ ಒಂದು ಟ್ರೈಲರ್, ಯಾರು ಯಾರದೋ ಕೈ ದಾಟಿ ನನ್ನ ಕೈಗೆ ಬಂದಿದ್ದವು. ಈ ಲಾರಿ ಬರ್ಮಾ ಗಡಿಯಲ್ಲಿ ಓಡಾಡಿದ್ದು ಎಂದು ಮಾರಿದವನು ಹೇಳಿದ್ದ. ನಿಜವೋ ಸುಳ್ಳೋ ಕಾಣೆ. ಹಿಂದಕ್ಕೆ ಹೋಗುವಾಗ ಅದು ಪಡುತ್ತಿದ್ದ ಪಾಡನ್ನು ನೋಡಿದರೆ, ಯಾವ ರಣರಂಗದಲ್ಲೂ ಅದಕ್ಕೆ ಹಿಮ್ಮೆಟ್ಟಿದ ಅನುಭವವಿರಲಿಲ್ಲವೆಂದು ಮಾತ್ರ ಖಚಿತವಾಗಿ ಹೇಳಬಲ್ಲೆ.

ವಿದ್ಯಾನಗರದ ನಮ್ಮ ಮನೆಯ ಅಂಗಳ ಚಿಕ್ಕದು. ಲಾರಿ ರಾತ್ರಿ ಬೀದಿಯಲ್ಲಿ ನಿಲ್ಲುತ್ತಿತ್ತು. ಪಾತ್ರೆ ತುಂಬಿದ ಟ್ರೈಲರ್ ಒಳಗೆ, ಬಾವಿಯ ಪಕ್ಕದಲ್ಲಿ, ಮೂತಿಯನ್ನು ಗೇಟಿನ ಕಡೆ ಮಾಡಿಕೊಂಡು ತನ್ನ ಒಂಟಿ ಊರುಗಾಲಿನ ಮೇಲೆ ಕಾದಿರುತ್ತಿತ್ತು. ಆ ಮೂತಿಯ ತುದಿಗೆ ಒಂದು ದಪ್ಪ ಕಬ್ಬಿಣದ ಉಂಗುರ. ಲಾರಿಯ ಬೆನ್ನಿಗೆ ಒಂದು ಕೊಕ್ಕೆ. ಕೊಕ್ಕೆಯನ್ನು ಉಂಗುರದ ಕೆಳಗೆ ತಂದು ನಿಲ್ಲಿಸಬೇಕು, ಇಳಿದು ಬಂದು ಉಂಗುರವನ್ನು ಕೊಕ್ಕೆಯ ಮೇಲೆ ಇಳಿಬಿಡಬೇಕು, ಅಷ್ಟೇ. ಹೇಳುವುದಕ್ಕೆ ಸುಲಭ. ಆದರೆ ಲಾರಿಯೊಳಗೆ ಕೂತವನಿಗೆ ಕೊಕ್ಕೆಯೂ ಕಾಣದು, ಉಂಗುರವೂ ಕಾಣದು. ಕಿಟಕಿಯಿಂದ ಅರ್ಧ ಮೈ ಹೊರಚಾಚಿದರೆ ಬಲಗಡೆಯ ಎರಡು ಗಾಲಿ ಕಾಣುತ್ತವೆ, ಬಹಳವೆಂದರೆ ಪಕ್ಕದ ಮನೆಯ ಚನ್ನಬಸಪ್ಪನವರು ಕಾಣುತ್ತಾರೆ. ಪಡಸಾಲೆಯಲ್ಲಿ ಕೂತು ಅಡುಗೆಮನೆಯಲ್ಲಿರುವ ಸೂಜಿಗೆ ದಾರ ಪೋಣಿಸುವ ವಿದ್ಯೆ ಇದು.

ನಮ್ಮಜ್ಜನಿಗೆ ಈ ಕಷ್ಟವಿರಲಿಲ್ಲ. ಗಾಡಿಯ ನೊಗ ಎತ್ತಿ ಹಿಡಿದು ಬಾಯಲ್ಲಿ ಒಂದು ಸದ್ದು ಮಾಡಿದರೆ, ಮೇಯುತ್ತಿದ್ದ ಎತ್ತು ತಾನೇ ಬಂದು ಕತ್ತು ಕೊಡುತ್ತಿತ್ತು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ನಾನೂ ಒಂದು ದಿನ, ಅಕ್ಕಪಕ್ಕ ಯಾರೂ ಇಲ್ಲದಾಗ, ಲಾರಿಗೆ ಆ ಸದ್ದು ಮಾಡಿ ನೋಡಿದ್ದುಂಟು. ಫಲ ಸಿಗಲಿಲ್ಲ.

ಇನ್ನು ನಮ್ಮ ಜನ. ಲಾರಿ ಮುಂದಕ್ಕೆ ಹೋದರೆ ತಿರುಗಿ ನೋಡದವರೂ, ಅದು ಹಿಂದಕ್ಕೆ ಬಂತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದು ದಾರಿ ತೋರಿಸುತ್ತಾರೆ. ಅದು ಪ್ರತಿಯೊಬ್ಬ ನಾಗರಿಕನ ಜನ್ಮಸಿದ್ಧ ಹಕ್ಕು. ಚನ್ನಬಸಪ್ಪನವರಂತೂ ಈ ಸೇವೆಗೇ ಹುಟ್ಟಿದವರು. ಲಾರಿಯ ಪಕ್ಕೆಗೆ ಅಂಗೈಯಿಂದ ಬಡಿಯುತ್ತಾ, "ಬರ್ಲಿ, ಬರ್ಲಿ, ಬರ್ಲೀ, ರೈಟ್!" ಎನ್ನುತ್ತಿದ್ದರು. ಲಾರಿ ಟ್ರೈಲರಿಗೆ ಧಡ್ ಎಂದು ಹೊಡೆದ ಮೇಲೂ ಒಂದು ಸಲ ಅಭ್ಯಾಸಬಲದಿಂದ "ಬರ್ಲಿ" ಎಂದುಬಿಡುವರು.

ಆದ್ದರಿಂದ ನಾನು ನಂಬಿದ್ದು ನನ್ನ ಹೆಂಡತಿ ಗೌರಿಯನ್ನು. ಅವಳು ಭದ್ರಾವತಿಯ ನ್ಯೂ ಟೌನಿನವಳು. ಅವಳ ತಂದೆಗೆ ಕಾರ್ಖಾನೆಯೊಳಗಿನ ರೈಲುದಾರಿಯಲ್ಲಿ ವ್ಯಾಗನ್ನುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ. ಕೊಂಡಿ ಹಾಕುವ ವಿದ್ಯೆ ರಕ್ತದಲ್ಲೇ ಬಂದಿರಬೇಕೆಂದು ನಾನು ಭಾವಿಸಿದೆ. ಎಂಜಿನಿನ ಗದ್ದಲದಲ್ಲಿ ಅವಳ ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ಕೈಸನ್ನೆಯ ಮೇಲೆ ನಮ್ಮ ವ್ಯವಹಾರ ನಡೆಯುತ್ತಿತ್ತು. ಒಂದೆರಡು ವರ್ಷ ಸೊಗಸಾಗಿಯೇ ನಡೆಯಿತು. ಹೀಗಿರುವಾಗ ಒಂದು ದಿನ ಅವಳು ಅಂಗೈಯನ್ನು ಅಡ್ಡ ಹಿಡಿದಳು. ನಾನು ಇನ್ನೂ ಸ್ವಲ್ಪ ಹಿಂದಕ್ಕೆ ಬಿಟ್ಟೆ. ಟ್ರೈಲರ್ ಹೋಗಿ ಬಾವಿಯ ಹತ್ತಿರದ ಒಗೆಯುವ ಕಲ್ಲಿಗೆ ಗುದ್ದಿತು. ಕಲ್ಲು ಎರಡು ಹೋಳಾಯಿತು.

"ಕೈ ಅಡ್ಡ ಹಿಡಿದ್ರೆ ಸಾಕು ಅಂತ ಅಲ್ವೇನ್ರೀ?" ಎಂದಳು.

"ಮದುವೆ ಮನೇಲಿ ಎಲೆ ಮೇಲೆ ಹಾಗೆ ಕೈ ಹಿಡಿದ್ರೆ ಇನ್ನೊಂದು ಹೋಳಿಗೆ ಹಾಕ್ತಾರೆ" ಎಂದೆ. ನನ್ನ ಕಸುಬಿನ ಅನುಭವವೇ ಅದಾಗಿತ್ತು. ಬೇಡವೆಂದು ಕೈ ಅಡ್ಡ ಹಿಡಿದವನ ಎಲೆಗೆ ಬಡಿಸದೆ ಮುಂದೆ ಹೋದರೆ, ಆತ ಊರೆಲ್ಲ ಹೇಳಿಕೊಂಡು ಬರುತ್ತಾನೆ.

"ತಿಂದಿರಲ್ಲ ಹೋಳಿಗೆ! ಈಗ ಬಟ್ಟೆ ಒಗೆಯೋದು ನಿಮ್ಮ ಬೆನ್ನ ಮೇಲೇನು? ನಮ್ಮಪ್ಪ ದಿನಾ ಎಷ್ಟು ವ್ಯಾಗನ್ ಜೋಡಿಸ್ತಾರೆ, ಒಂದು ದಿನಾನೂ ಯಾರ ಮನೆ ಕಲ್ಲೂ ಮುರಿದಿಲ್ಲ."

"ನಿಮ್ಮಪ್ಪನಿಗೆ ಹಳಿ ಇದೆ ಮಾರಾಯ್ತಿ! ಹಳಿ ಹಾಕಿಕೊಟ್ರೆ ನಾನೂ ಜೋಡಿಸ್ತೀನಿ. ನನಗೆ ಯಾರ ಕೈಸನ್ನೆಯೂ ಬೇಡ. ಇನ್ನು ಮೇಲೆ ಒಬ್ಬನೇ ಕಟ್ಟಿಕೊಳ್ತೀನಿ."

"ಆಗ್ಲಿ" ಎಂದಳು ಗೌರಿ. ಮದುವೆಯಾದಂದಿನಿಂದ ನನ್ನ ಮಾತನ್ನು ಅವಳು ಇಷ್ಟು ಬೇಗ ಒಪ್ಪಿದ್ದೇ ಇಲ್ಲ, ನನಗೆ ಭಯವಾಯಿತು.

ಒಬ್ಬನೇ ಕಟ್ಟುವುದೆಂದರೆ ಏನೆಂದು ಆಮೇಲೆ ಗೊತ್ತಾಯಿತು. ಹತ್ತು, ಹಿಂದಕ್ಕೆ ಬಿಡು, ಇಳಿ, ನೋಡು. ಒಂದು ಗೇಣು ಎಡಕ್ಕಿದೆ. ಹತ್ತು, ಮುಂದಕ್ಕೆ ಬಿಡು, ಮತ್ತೆ ಹಿಂದಕ್ಕೆ, ಇಳಿ, ನೋಡು. ಈಗ ಎರಡು ಗೇಣು ಬಲಕ್ಕಿದೆ. ಹತ್ತಿ ಇಳಿದು ನನ್ನ ಮಂಡಿ ಸವೆಯಿತೇ ಹೊರತು ಉಂಗುರಕ್ಕೂ ಕೊಕ್ಕೆಗೂ ಋಣಾನುಬಂಧ ಕೂಡಿಬರಲಿಲ್ಲ. ಎರಡು ದಿನ ಟ್ರೈಲರನ್ನು ಬಿಟ್ಟು ಲಾರಿಯಲ್ಲೇ ಎರಡೆರಡು ಸಲ ಓಡಾಡಿ ಗಿರಾಕಿಗಳನ್ನು ಸುಧಾರಿಸಿದೆ. ಗೌರಿ ಅಡುಗೆಮನೆಯ ಕಿಟಕಿಯನ್ನು ತೆರೆದಿಟ್ಟು, ಆ ಕಡೆ ನೋಡದೆ ಒಗ್ಗರಣೆ ಹಾಕುತ್ತಿದ್ದಳು.

ಇಷ್ಟೇ ಆಗಿದ್ದರೆ ಹಟವನ್ನು ಕಾಲಕ್ಕೆ ಬಿಡಬಹುದಿತ್ತು. ಆದರೆ ಅವಳ ತಂಗಿಯ ಮದುವೆ ಹತ್ತಿರ ಬಂದಿತ್ತು. ಭದ್ರಾವತಿಗೆ ಹಂಡೆ, ಕೊಪ್ಪರಿಗೆ, ಚಪ್ಪರದ ಗಳ, ಜಮಖಾನ ಎಲ್ಲವೂ ನನ್ನದೇ ಎಂದು ಮಾವನವರಿಗೆ ಮಾತು ಕೊಟ್ಟಿದ್ದೆ. ಟ್ರೈಲರ್ ಇಲ್ಲದೆ ಅದು ಒಂದೇ ಸಲಕ್ಕೆ ಸಾಗುವ ಸಾಮಾನಲ್ಲ. ಹೊತ್ತಿಗೆ ಸರಿಯಾಗಿ ಕೊಪ್ಪರಿಗೆ ಒಲೆ ಏರದಿದ್ದರೆ ಬೀಗರ ಮುಂದೆ ಅವಳ ತವರಿನ ಮರ್ಯಾದೆ ಹೋಗುತ್ತದೆ. ಅವಳನ್ನು ಕರೆದರೆ ನನ್ನ ಮರ್ಯಾದೆ ಹೋಗುತ್ತದೆ. ಅವಳೇ ತಾನಾಗಿ ಬರಲೆಂದು ನಾನು ಕಾದೆ. ನಾನು ಕರೆಯಲೆಂದು ಅವಳು ಕಾದಳು. ಹೀಗೆ ಎರಡು ಮರ್ಯಾದೆಗಳ ನಡುವೆ ಕೊಪ್ಪರಿಗೆಗಳು ಅಂಗಳದಲ್ಲೇ ಕೂತವು.

ಹೊರಡುವ ಹಿಂದಿನ ಸಂಜೆ ಚನ್ನಬಸಪ್ಪನವರು ನನ್ನ ಅಂಗಡಿಗೇ ಬಂದರು. "ಏನ್ರೀ ಇದು, ನಿಮ್ಮ ಮನೆಯವರು ಬೀದಿಯಲ್ಲಿ ಲಾರಿ ಪಕ್ಕ ಹೆಜ್ಜೆ ನಮಸ್ಕಾರ ಹಾಕ್ತಿದಾರಲ್ಲ? ಏನು ಹರಕೆ?"

ಹೋಗಿ ನೋಡಿದೆ. ಗುಡಿ ಸುತ್ತುವಾಗ ಹೆಂಗಸರು ಹಿಮ್ಮಡಿಗೆ ಬೆರಳು ತಾಗಿಸಿ ಒಂದೊಂದೇ ಹೆಜ್ಜೆ ಇಡುತ್ತಾರಲ್ಲ, ಹಾಗೆ ಗೌರಿ ತಲೆ ತಗ್ಗಿಸಿ, ತುಟಿ ಅಲ್ಲಾಡಿಸುತ್ತಾ ಲಾರಿಯ ಹಿಂದಿನಿಂದ ಮುಂದಿನ ಗಾಲಿಯವರೆಗೆ ನಡೆದಳು. ಆಮೇಲೆ ಗೇಟು ದಾಟಿ ಒಳಗೆ ಹೋಗಿ, ಟ್ರೈಲರಿನ ಮೂತಿಯಿಂದಲೂ ಹಾಗೇ ನಡೆದಳು.

"ಗಂಡನಿಗೆ ಒಳ್ಳೇ ಬುದ್ಧಿ ಬರಲಿ ಅಂತ ಹರಕೆ ಇರಬೇಕು" ಎಂದೆ.

"ಹಾಗಿದ್ರೆ ಇಷ್ಟು ಹೆಜ್ಜೆ ಸಾಲಲ್ಲ ಬಿಡಿ" ಎಂದರು ಚನ್ನಬಸಪ್ಪನವರು.

ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ, ಸಾರಿಸಿದ ನೆಲದ ಮೇಲೆ ರಂಗೋಲಿ. ದಿನವೂ ಹೊಸಲಿನ ಮುಂದೆ ಇರುತ್ತಿದ್ದದ್ದಲ್ಲ. ಗೇಟಿನಿಂದ ಒಳಕ್ಕೆ, ಟ್ರೈಲರಿನ ಬಲಮಗ್ಗುಲಿಗೆ ಸರಿಯಾಗಿ, ಒಂದು ನೇರವಾದ ಬಿಳಿಗೆರೆ. ಗೆರೆಯ ನಡುವೆ ಒಂದೆಡೆ ಎಂಟೆಸಳಿನ ಒಂದು ಪದ್ಮ. ಹಿಂದಿನ ಸಂಜೆಯ ಹೆಜ್ಜೆಗಳು ಹರಕೆಯವಲ್ಲ, ಕೊಕ್ಕೆಯಿಂದ ಮುಂದಿನ ಗಾಲಿಯವರೆಗಿನ ಅಳತೆಯವು ಎಂದು ಆಗ ಹೊಳೆಯಿತು. ಒಳಗಿನಿಂದ ಗೌರಿ, ಯಾರಿಗೂ ಹೇಳದವಳಂತೆ, "ಹಳಿ ಬೇಕು ಅಂದಿದ್ರಲ್ಲ" ಎಂದಳು.

ಲಾರಿ ಹತ್ತಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಲಗಾಲಿಗಳನ್ನು ಗೆರೆಯ ಮೇಲೆ ತಪ್ಪದಂತೆ ಉರುಳಿಸುತ್ತಾ ಹಿಂದಕ್ಕೆ ಬಿಟ್ಟೆ. ಮುಂದಿನ ಗಾಲಿ ಪದ್ಮದ ಹೊಟ್ಟೆಯ ಮೇಲೆ ಬಂದಾಗ ನಿಲ್ಲಿಸಿದೆ. ಇಳಿದು ಹೋಗಿ ನೋಡಿದರೆ, ಕೊಕ್ಕೆ ಉಂಗುರದ ಕೆಳಗೆ, ಧಾರೆಗೆ ಕೈ ಒಡ್ಡಿದ ಮದುವಣಿಗನಂತೆ ನಿಂತಿದೆ! ಮೂತಿ ಇಳಿಸಿದೆ. ಖಣ್ ಎಂದಿತು. ಆ ಸದ್ದಿಗೆ ಸರಿಸಮನಾದ ಮಂಗಳವಾದ್ಯವನ್ನು ನಾನು ಇಂದಿನವರೆಗೂ ಕೇಳಿಲ್ಲ.

"ಚನ್ನಬಸಪ್ಪನವರೇ, ನೋಡಿದ್ರಾ? ಒಬ್ಬನೇ ಕಟ್ಟಿದೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

"ಹೌದು, ನಾನೂ ನೋಡಿದೆ. ಒಬ್ಬರೇ" ಎಂದಳು ಗೌರಿ. ಲಾರಿಯಲ್ಲಿ ನನ್ನ ಪಕ್ಕ ಕೂತಾಗ ಅವಳ ಮಡಿಲಲ್ಲಿ ರಂಗೋಲಿ ಡಬ್ಬಿ ಇತ್ತು. ಅದೇಕೆಂದು ಕೇಳಿದೆ. "ಮದುವೆ ಮನೆ. ಬೇಕಾಗತ್ತೆ" ಎಂದಷ್ಟೇ ಹೇಳಿದಳು.

ಕೊಪ್ಪರಿಗೆ ಹೊತ್ತಿಗೆ ಸರಿಯಾಗಿ ಒಲೆ ಏರಿತು. ಸಂತೋಷದಲ್ಲಿ ನನ್ನ ನಾಲಗೆಯೂ ಸ್ವಲ್ಪ ಮೇಲೇರಿತು. ಚಪ್ಪರದ ಕೆಳಗೆ ಕೂತು, ಟ್ರೈಲರ್ ಕಟ್ಟುವುದು ಹೇಗೆ ಏಕಾಗ್ರತೆಯ ವಿಷಯ, ಹೇಗೆ ಅದಕ್ಕೆ ಎರಡನೆಯ ಮನುಷ್ಯನ ಹಂಗು ಬೇಡ ಎಂಬುದನ್ನು ಬೀಗರಿಗೆ ವಿವರಿಸಿದೆ. ಮಾವನವರು ಎಲೆಯಡಿಕೆ ಮೆಲ್ಲುತ್ತಾ ಕೇಳಿಸಿಕೊಂಡರು. ಮರುದಿನ ಮದುವೆ ಮುಗಿದು ಪಾತ್ರೆಗಳೆಲ್ಲ ಟ್ರೈಲರ್ ಏರಿದಾಗ, "ಅಳಿಯಂದ್ರೇ, ಈಗ ಒಂದ್ಸಲ ಕಟ್ಟಿ, ನಾವೂ ನೋಡ್ತೀವಿ. ಯಾರೂ ಹತ್ರ ಹೋಗ್ಬೇಡ್ರಪ್ಪ, ಅವರಿಗೆ ಎರಡನೇ ಮನುಷ್ಯ ಆಗಲ್ಲ" ಎಂದರು. ಎರಡೂ ಕಡೆಯ ಬಂಧುಬಳಗ ಕುರ್ಚಿ ತಿರುಗಿಸಿಕೊಂಡು ಕೂತಿತು. ನಾನು ಲಾರಿ ಹತ್ತಿ ಕಿಟಕಿಯಿಂದ ಹಿಂದೆ ನೋಡಿದೆ. ಬರಿಯ ನೆಲ. ಗೆರೆಯಿಲ್ಲ, ಪದ್ಮವಿಲ್ಲ.

ಆಗ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಗೌರಿ ಬಂದಳು. ಟ್ರೈಲರಿನ ಮೂತಿಯಿಂದ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆದಳು, ಬಗ್ಗಿ ಗೆರೆ ಎಳೆದಳು, ಪದ್ಮ ಬರೆದಳು. ಬೀಗಿತ್ತಿಯೊಬ್ಬರು ಅದು ಏನೆಂದು ಕೇಳಿದರು. "ನಮ್ಮನೆ ಸಂಪ್ರದಾಯ. ಗಾಡಿ ಕಟ್ಟೋಕೆ ಮುಂಚೆ ಹಾಕ್ಬೇಕು" ಎಂದು ಗಂಭೀರವಾಗಿ ಹೇಳಿದಳು. ಆಕೆ ಭಕ್ತಿಯಿಂದ ಪದ್ಮದ ಮೇಲೆ ನಾಲ್ಕು ಅಕ್ಷತೆ ಹಾಕಿದರು. ಒಂದೇ ಸಲಕ್ಕೆ ಖಣ್ ಎಂದಿತು. ಜನ ಚಪ್ಪಾಳೆ ತಟ್ಟಿದರು. ಮಾವನವರು ಮಾತ್ರ ಲಾರಿಯ ಕಿಟಕಿಯ ಹತ್ತಿರ ಬಂದು ಮೆಲ್ಲಗೆ, "ಹಳಿ ಭದ್ರವಾಗಿದೆ ಅಳಿಯಂದ್ರೇ. ಜೋಪಾನ" ಎಂದರು.

ಆ ಬೀಗರ ಮನೆಯಲ್ಲಿ ಇಂದಿಗೂ ಯಾವ ಗಾಡಿ ಹೊರಡಬೇಕಾದರೂ ಮೊದಲು ಬಲಗಡೆಯ ಗಾಲಿಯ ಬಳಿ ಪದ್ಮ ಬರೆಯುತ್ತಾರಂತೆ. ಅದರ ಶಾಸ್ತ್ರಾರ್ಥವೇನೆಂದು ಅವರು ಕೇಳಿದಾಗ ನಾನೂ ಏನೋ ಹೇಳಿದ್ದೇನೆ. ಏನು ಹೇಳಿದೆನೆಂದು ನೆನಪಿಲ್ಲ. ಲಾರಿ, ಟ್ರೈಲರ್ ಎರಡನ್ನೂ ಮಾರಿ ಈಗ ನಾನು ಸೈಕಲ್ ಸವಾರ. ಸೈಕಲ್ಲಿಗೆ ಹಿಂದಕ್ಕೆ ಹೋಗುವ ತೊಂದರೆಯೂ ಇಲ್ಲ, ಕೊಕ್ಕೆಯೂ ಇಲ್ಲ. ಆದರೂ ಗೌರಿ ಗೇಟಿನ ಒಳಗೆ ಅದೇ ಜಾಗದಲ್ಲಿ ದಿನವೂ ಒಂದು ಪದ್ಮ ಹಾಕುತ್ತಾಳೆ. ಸಂಜೆ ಮನೆಗೆ ಬಂದವನು ಮುಂದಿನ ಚಕ್ರವನ್ನು ಸರಿಯಾಗಿ ಅದರ ಹೊಟ್ಟೆಯ ಮೇಲೆ ತಂದು ನಿಲ್ಲಿಸುತ್ತೇನೆ, ಯಾರ ಸಹಾಯವೂ ಇಲ್ಲದೆ, ಒಬ್ಬನೇ.